ರಾಣಿ ಬೇಡ, ಆನೆ ಸಾಕು: ಚೆಸ್ ಪ್ರಾಬ್ಲಮ್‌ಗಳ ಲೋಕ

ಇವತ್ತಿನ ಮಾತಿಗೆ ನಾಲ್ಕೇ ಕಾಯಿ ಸಾಕು. ಬೋರ್ಡ್ ಇದ್ದರೆ ಹಾಕ್ಕೊಳ್ಳಿ, ಇಲ್ಲದಿದ್ದರೆ ಫೋನಿನಲ್ಲೇ ಜೋಡಿಸಿ. ಎಂಜಿನ್ ಮಾತ್ರ ಆಫ್ ಇರಲಿ.

ಬಿಳಿ ರಾಜ ಬಿ6, ಬಿಳಿ ಪಾನ್ ಸಿ7. ಕಪ್ಪು ರಾಜ ಎ1, ಕಪ್ಪು ಆನೆ ಡಿ5. ಈಗ ಕಪ್ಪಿನ ಸರದಿ. ಪಾನ್ ಇನ್ನೊಂದು ಹೆಜ್ಜೆ ಇಟ್ಟರೆ ರಾಣಿ ಆಗುತ್ತೆ (ನಮ್ಮಜ್ಜ ಮಂತ್ರಿ ಅಂತಿದ್ರು, ನಿಮ್ಮನೇಲೂ ಹಾಗೇ ಇರಬಹುದು). ಕಪ್ಪು ಇದನ್ನ ಡ್ರಾ ಮಾಡೋಕಾಗುತ್ತಾ?

1895ರಲ್ಲಿ ಗ್ಲಾಸ್ಗೋದ ಒಂದು ವಾರಪತ್ರಿಕೆಯಲ್ಲಿ ಬಾರ್ಬಿಯೆ ಅನ್ನೋರು ಚೆಸ್ ಅಂಕಣ ಬರೀತಿದ್ರು. ಇಪ್ಪತ್ತು ವರ್ಷ ಹಿಂದೆ ಫೆಂಟನ್ ಮತ್ತು ಪಾಟರ್ ಆಡಿದ ಒಂದು ಆಟದ ಕೊನೆಯನ್ನ ನೆನಪು ಮಾಡ್ಕೊಂಡು, ಸ್ವಲ್ಪ ತಿದ್ದಿ, "ಕಪ್ಪು ಆಡಿ ಡ್ರಾ ಮಾಡಬೇಕು" ಅಂತ ಓದುಗರ ಮುಂದೆ ಇಟ್ಟರು. ಅವರ ಉತ್ತರ ಹೀಗಿತ್ತು. ಆನೆ ಡಿ6ಕ್ಕೆ ಬಂದು ಚೆಕ್, ರಾಜ ಬಿ5. ಆನೆ ಡಿ5, ಚೆಕ್, ರಾಜ ಬಿ4. ಆನೆ ಡಿ4, ಚೆಕ್, ರಾಜ ಬಿ3. ಆನೆ ಡಿ3, ಚೆಕ್, ರಾಜ ಸಿ2. ಮೆಟ್ಟಿಲು ಇಳಿದ ಹಾಗೆ ಇಳಿದು ಬಂದ ರಾಜನಿಗೆ ಇನ್ನು ಚೆಕ್ ಕೊಡೋಕೆ ದಾರಿ ಇಲ್ಲ. ಆಗ ಕಪ್ಪು ಆನೆ ಡಿ4ಕ್ಕೆ ಹೋಗಿ ಸುಮ್ಮನೆ ನಿಲ್ಲುತ್ತೆ. ಬಿಳಿ ಖುಷಿಯಿಂದ ರಾಣಿ ಮಾಡಿದ್ರೆ, ಆನೆ ಸಿ4ಕ್ಕೆ ಬಂದು ಚೆಕ್. ರಾಣಿ ಆ ಆನೆನ ಹೊಡೀಲೇಬೇಕು, ಇಲ್ಲಾಂದ್ರೆ ರಾಣಿನೇ ಹೋಯ್ತು. ಹೊಡೆದರೆ ಮೂಲೆಯಲ್ಲಿರೋ ಕಪ್ಪು ರಾಜನಿಗೆ ಕಾಲಿಡೋಕೆ ಜಾಗ ಇಲ್ಲ, ಚೆಕ್ಕೂ ಇಲ್ಲ. ಸ್ಟೇಲ್‌ಮೇಟ್. ಡ್ರಾ.

ಚೆನ್ನಾಗಿದೆ ಅಲ್ವಾ? ಬಾರ್ಬಿಯೆಗೂ ಹಾಗೇ ಅನ್ನಿಸಿತ್ತು. ಆದರೆ ಅದೇ ಊರಲ್ಲಿ ಫರ್ನಾಂಡೊ ಸಾವೆದ್ರ ಅಂತ ಒಬ್ಬ ಸ್ಪೇನಿನ ಪಾದ್ರಿ ಇದ್ದರು. ದೊಡ್ಡ ಆಟಗಾರ ಏನಲ್ಲ. ಉತ್ತರ ನೋಡಿ ಅವರು ಹೇಳಿದ್ದು ಇಷ್ಟೇ: ರಾಣಿ ಯಾಕೆ, ಆನೆ ಮಾಡಿ.

ಮಾಡಿ ನೋಡಿ. ಸಿ8ರಲ್ಲಿ ಆನೆ ಬಂದರೆ ಸಿ4ರ ಚೆಕ್ ಕೆಲಸಕ್ಕೆ ಬರಲ್ಲ. ಬಿಳಿ ಆನೆ ಕಪ್ಪಿನ ಆನೆಯನ್ನ ಹೊಡೆದರೂ ಕಪ್ಪು ರಾಜನಿಗೆ ಎ2 ಮನೆ ಖಾಲಿ ಇರುತ್ತೆ, ಸ್ಟೇಲ್‌ಮೇಟ್ ಆಗಲ್ಲ. ಅದೂ ಅಲ್ಲದೆ ಈಗ ಎ8ರಲ್ಲಿ ಮೇಟ್ ಬೆದರಿಕೆ. ಅದನ್ನ ತಡೆಯೋಕೆ ಕಪ್ಪು ಆನೆ ಎ4ಕ್ಕೆ ಬರಲೇಬೇಕು. ಆಗ ಬಿಳಿ ರಾಜ ಬಿ3ಕ್ಕೆ ಒಂದು ಹೆಜ್ಜೆ ಇಡ್ತಾನೆ. ಆ ಆನೆ ಮೇಲೂ ಕಣ್ಣು, ಸಿ1ರಲ್ಲಿ ಮೇಟೂ ರೆಡಿ. ಎರಡನ್ನೂ ಕಪ್ಪು ತಡೆಯೋಕಾಗಲ್ಲ.

ಪ್ರಶ್ನೆ ತಲೆಕೆಳಗಾಯ್ತು: ಈಗ ಬಿಳಿ ಗೆಲ್ಲುತ್ತೆ. ಪೊಸಿಷನ್ ಜೋಡಿಸಿದ್ದು ಬಾರ್ಬಿಯೆ, ಆದರೆ ನೂರಿಪ್ಪತ್ತೈದು ವರ್ಷಕ್ಕೂ ಮೇಲಾಗಿ ಜಗತ್ತು ಕರೆಯೋದು "ಸಾವೆದ್ರ ಪೊಸಿಷನ್" ಅಂತ. ಚೆಸ್ಸಿನಲ್ಲಿ ಅವರ ಹೆಸರು ಉಳಿದಿರೋದು ಈ ಒಂದೇ ನಡೆಯಿಂದ. ನಮ್ಮ ಭಾಷೇಲಿ ಹೇಳೋದಾದ್ರೆ, ಒಂದೇ ಒಂದು ಬಗ್ ರಿಪೋರ್ಟ್ ಹಾಕಿ ಇಡೀ ಪ್ರಾಜೆಕ್ಟಿಗೆ ತನ್ನ ಹೆಸರು ಬಂದ ಹಾಗೆ.

ಆಪ್‌ನಲ್ಲಿ ದಿನಾ ಬರೋ ಪಝಲ್‌ಗೂ ಇದಕ್ಕೂ ಇರೋ ವ್ಯತ್ಯಾಸ ಇಲ್ಲಿದೆ. ಅಲ್ಲಿಯದು ಯಾರೋ ಆಡಿದ ಆಟದಿಂದ ಕತ್ತರಿಸಿ ಕೊಟ್ಟ ತುಂಡು. ಪ್ರಾಬ್ಲಮ್‌ನಲ್ಲಿ ಒಬ್ಬ ಮನುಷ್ಯ ಕೂತು ಒಂದೊಂದು ಕಾಯಿಯನ್ನೂ ಲೆಕ್ಕ ಹಾಕಿ ಇಟ್ಟಿರ್ತಾನೆ. ಕೆಲಸ ಇಲ್ಲದ ಒಂದು ಪಾನ್ ಇದ್ದರೂ ಅದು ತಪ್ಪು ಅಂತ ಲೆಕ್ಕ. ಎಲ್ಲಕ್ಕಿಂತ ದೊಡ್ಡ ನಿಯಮ, ಮೊದಲ ನಡೆ ಒಂದೇ ಇರಬೇಕು. ಎರಡನೇ ಉತ್ತರ ಸಿಕ್ಕರೆ ಅದಕ್ಕೆ "ಕುಕ್" ಅಂತಾರೆ, ಪ್ರಾಬ್ಲಮ್ ಸತ್ತ ಹಾಗೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಪ್ರಾಬ್ಲಮ್ ಬಿಡಿಸೋ ಓದುಗರೇ ಟೆಸ್ಟಿಂಗ್ ಟೀಮ್.

ಇದರಲ್ಲಿ ದುಡ್ಡಿಲ್ಲ. ಮಾಡೋರೆಲ್ಲ ಹಗಲು ಬೇರೆ ಕೆಲಸದಲ್ಲಿರೋರು. ಇಂಗ್ಲೆಂಡಿನ ಕೊಮಿನ್ಸ್ ಮ್ಯಾನ್ಸ್‌ಫೀಲ್ಡ್, ಎರಡು ನಡೆಯಲ್ಲಿ ಮೇಟ್ ಮಾಡೋ ಪ್ರಾಬ್ಲಮ್‌ಗಳ ಮಹಾ ಕುಶಲಿ, ಜೀವನವಿಡೀ ವಿಲ್ಸ್ ತಂಬಾಕು ಕಂಪನೀಲಿ ನೌಕರಿ ಮಾಡಿದವರು. 1972ರಲ್ಲಿ ಪ್ರಾಬ್ಲಮ್ ರಚನೆಗೆ ಗ್ರ್ಯಾಂಡ್‌ಮಾಸ್ಟರ್ ಬಿರುದು ಮೊದಲ ಸಲ ಕೊಟ್ಟಾಗ ಪಡೆದ ನಾಲ್ವರಲ್ಲಿ ಅವರೂ ಒಬ್ಬರು. ಬಿಡಿಸೋರಿಗೂ 1977ರಿಂದ ವಿಶ್ವ ಚಾಂಪಿಯನ್‌ಶಿಪ್ ನಡೀತಿದೆ. ಮೊದಲ ಸುತ್ತಿನಲ್ಲಿ ಮೂರು ಪ್ರಾಬ್ಲಮ್‌ಗೆ 20 ನಿಮಿಷ, ಮುಟ್ಟೋಕೆ ಎಂಜಿನ್ ಇಲ್ಲ. ಗಣಿತದ ಪಿಎಚ್‌ಡಿ ಮಾಡಿದ ಗ್ರ್ಯಾಂಡ್‌ಮಾಸ್ಟರ್ ಜಾನ್ ನನ್ ಇದನ್ನ ಮೂರು ಸಲ ಗೆದ್ದಿದ್ದಾರೆ.

ನಮ್ಮ ದೇಶದ ಹೆಸರೂ ಇಲ್ಲಿದೆ. 1845ರಲ್ಲಿ ಲಂಡನ್ನಿನ ಚೆಸ್ ಪತ್ರಿಕೆಯೊಂದರಲ್ಲಿ ಬಂದ "ಇಂಡಿಯನ್ ಪ್ರಾಬ್ಲಮ್" ಇಲ್ಲಿದ್ದ ಪಾದ್ರಿ ಹೆನ್ರಿ ಲವ್‌ಡೇ ಅವರದು. ಅದರಲ್ಲಿ ಬಿಳಿ ಒಂಟೆ ಒಂದು ಮನೆ ದಾಟಿ ಹಿಂದೆ ಸರಿಯುತ್ತೆ, ಆನೆ ಅದರ ಮುಂದೆ ಬಂದು ತನ್ನದೇ ದಾರಿಗೆ ಅಡ್ಡ ನಿಲ್ಲುತ್ತೆ. ಕಪ್ಪು ರಾಜನಿಗೆ ಉಸಿರಾಡೋಕೆ ಒಂದು ಮನೆ ಸಿಗುತ್ತೆ, ಅಲ್ಲಿಗೆ ಬಂದ ಮೇಲೆ ಆನೆ ಸರಿದು ಮೇಟ್. ಆ ಉಪಾಯಕ್ಕೆ ಇವತ್ತಿಗೂ "ಇಂಡಿಯನ್ ಥೀಮ್" ಅಂತಾನೇ ಹೆಸರು.

ಈಗ ಎಂಜಿನ್ ವಿಷಯ. ಹೋದ ವರ್ಷ ಪುಣೆಯ ರೂಮಿನಲ್ಲಿ ಕೂತು ನಾನೂ ಎರಡು ನಡೆಯ ಒಂದು ಪ್ರಾಬ್ಲಮ್ ಮಾಡಿದೆ. ಮೂರು ವಾರ ಹಿಡೀತು. ಪಾಪಾಯ್ ಅಂತ ಪ್ರಾಬ್ಲಮ್‌ಗೆಂದೇ ಇರೋ ಒಂದು ಪ್ರೋಗ್ರಾಮ್ ಇದೆ (ಹೌದು, ಕಾರ್ಟೂನಿನ ಹೆಸರೇ). ಅದಕ್ಕೆ ಕೊಟ್ಟೆ. ರೆಪ್ಪೆ ಮುಚ್ಚಿ ತೆಗೆಯೋಷ್ಟರಲ್ಲಿ ಎರಡನೇ ಉತ್ತರ ತೋರಿಸಿಬಿಡ್ತು, ನಾನು ಕನಸಲ್ಲೂ ನೋಡದ ಒಂದು ಕುದುರೆ ನಡೆ. ಬೇಜಾರಾಯ್ತು, ಆದರೆ ಮಾಡೋರಿಗೆ ಇದು ದೊಡ್ಡ ಉಪಕಾರ. ಆ ಕುದುರೆಯನ್ನ ಬೇರೆ ಮನೆಗೆ ಸರಿಸಿ ಮತ್ತೆ ಶುರು ಮಾಡಿದೀನಿ, ಇನ್ನೂ ಕೂತಿಲ್ಲ.

ಬಿಡಿಸೋರಿಗೆ ಮಾತ್ರ ಎಂಜಿನ್ ಅನ್ಯಾಯವೇ. ಮೊದಲ ಸಲ ಸಾವೆದ್ರ ಪೊಸಿಷನ್ ಸಿಕ್ಕಾಗ ಅರ್ಧ ನಿಮಿಷಕ್ಕೆ ತಾಳ್ಮೆ ಕೆಟ್ಟು ಬಟನ್ ಒತ್ತಿದೆ. "ಸಿ8, ಆನೆ" ಅಂತ ಬಂತು. ಓ ಸರಿ ಅಂದ್ಕೊಂಡು ಮುಂದಕ್ಕೆ ಹೋದೆ. ರಾಣಿ ಮಾಡಿದ್ರೆ ಯಾಕೆ ಆಗಲ್ಲ ಅಂತ ನಾನು ಕೇಳಲೇ ಇಲ್ಲ, ಅದು ಹೇಳಲೂ ಇಲ್ಲ. ಆ ಸ್ಟೇಲ್‌ಮೇಟ್ ಬಲೆ ಕಣ್ಣಿಗೆ ಬಿದ್ದಿದ್ದು ಎರಡು ವರ್ಷ ಆದ್ಮೇಲೆ, ಗೆಳೆಯನಿಗೆ ಜಂಬದಿಂದ ವಿವರಿಸೋಕೆ ಹೋದಾಗ. ಹೋದ ಆ ಮಜಾ ವಾಪಸ್ ಬರಲ್ಲ.

ನಿಮಗೆ ಒಂದು ಬಾಕಿ ಉಳಿಸಿದೀನಿ. ಶುರುವಲ್ಲಿ ಆನೆ ಡಿ6ರಲ್ಲಿ ಚೆಕ್ ಕೊಟ್ಟಾಗ ಬಿಳಿ ರಾಜ ಬಿ5ಕ್ಕೆ ಹೋದ. ನೇರವಾಗಿ ಸಿ5ಕ್ಕೆ ಬಂದು ಆನೆಯನ್ನೇ ಅಟ್ಟಿಸಬಹುದಿತ್ತಲ್ಲ? ಹಾಗೆ ಮಾಡಿದ್ರೆ ಗೆಲುವು ಕೈತಪ್ಪುತ್ತೆ. ಕಪ್ಪಿನ ಉತ್ತರ ಒಂದೇ ನಡೆ, ಅದು ಚೆಕ್ ಅಲ್ಲ. ಉತ್ತರ ಮುಂದಿನ ವಿಡಿಯೋದಲ್ಲಿ.