ಎರಡು ಪೌರತ್ವ: ಮುಚ್ಚಿಟ್ಟರೆ ಮುಳುವು

ವಿಮಾನ ತಂತ್ರಜ್ಞಾನವನ್ನೋ ಸೈಬರ್ ಭದ್ರತೆಯನ್ನೋ ಓದಲು ಅಮೆರಿಕಕ್ಕೆ ಹೋದ ವಿದ್ಯಾರ್ಥಿಗೆ ಪದವಿ ಕೈಗೆ ಬರುವ ಹೊತ್ತಿಗೆ ಒಂದು ಗೋಡೆ ಎದುರಾಗುತ್ತದೆ. ಎಷ್ಟೋ ಉದ್ಯೋಗ ಜಾಹೀರಾತುಗಳಲ್ಲಿ ‘ಸೆಕ್ಯುರಿಟಿ ಕ್ಲಿಯರೆನ್ಸ್ ಅಗತ್ಯ’ ಎಂಬ ಸಾಲಿರುತ್ತದೆ. ಅಂಕ ಎಷ್ಟೇ ಬಂದಿರಲಿ, ಆ ಸಾಲನ್ನು ದಾಟಲಾಗದು. ಇತ್ತ ಅಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಬೇರೆಯದೇ ಅಳುಕು: ‘ಅಪ್ಪ ಅಮ್ಮ ಮಾಡಿಸಿಟ್ಟ ಓಸಿಐ ಕಾರ್ಡ್ ಕೆಲಸಕ್ಕೆ ಕುತ್ತು ತಂದೀತೇ?’

ಯಾರಿಗೆ ಸಿಗುತ್ತದೆ?

ಸರ್ಕಾರದ ರಹಸ್ಯ ಕಡತಗಳನ್ನು ನೋಡಲು ಒಬ್ಬ ವ್ಯಕ್ತಿ ನಂಬಿಕೆಗೆ ಅರ್ಹ ಎಂದು ವಿಚಾರಣೆ ನಡೆಸಿ ಕೊಡುವ ಒಪ್ಪಿಗೆಯೇ ಕ್ಲಿಯರೆನ್ಸ್. ಕಾನ್ಫಿಡೆನ್ಶಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಎಂದು ಇದರಲ್ಲಿ ಮೂರು ಮೆಟ್ಟಿಲು. 1995ರ ಅಧ್ಯಕ್ಷೀಯ ಆದೇಶದಂತೆ ಇದು ಅಮೆರಿಕದ ಪೌರರಿಗೆ ಮಾತ್ರ. ಇತರರಿಗೆ ಅಪರೂಪದ ಸಂದರ್ಭಗಳಲ್ಲಿ ಸೀಮಿತ ಅವಕಾಶವಷ್ಟೆ. ವಿದ್ಯಾರ್ಥಿ ವೀಸಾ, ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಕೂಡ ಸಾಲದು. ತಾನಾಗಿಯೇ ಅರ್ಜಿ ಹಾಕುವಂತೆಯೂ ಇಲ್ಲ. ಕೆಲಸ ಕೊಡುವ ಇಲಾಖೆ ಅಥವಾ ಕಂಪನಿಯೇ ಮುಂದಾಗಬೇಕು.

ಸಡಿಲಗೊಂಡ ನಿಯಮ

ಅಮೆರಿಕದ ಪೌರ ಬೇರೊಂದು ದೇಶದ ಪೌರನೂ ಆಗಿದ್ದರೆ? ಈ ವಿಷಯದಲ್ಲಿ ಹಿಂದೆ ಬಿಗಿ ಹೆಚ್ಚಿತ್ತು. 2000ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಹೊರಡಿಸಿದ ಸೂಚನೆಯಂತೆ, ವಿದೇಶಿ ಪಾಸ್‌ಪೋರ್ಟ್ ಒಪ್ಪಿಸದವರಿಗೆ ಕ್ಲಿಯರೆನ್ಸ್ ಸಿಗುವುದೇ ಕಷ್ಟವಾಗಿತ್ತು. 2017ರ ಜೂನ್‌ನಲ್ಲಿ ಜಾರಿಗೆ ಬಂದ ಮಾರ್ಗಸೂಚಿ ಈ ಬಿಗಿಯನ್ನು ಸಡಿಲಿಸಿತು. ಎರಡು ಪೌರತ್ವವಿದೆ ಎಂಬುದಷ್ಟೇ ಅನರ್ಹತೆಯಲ್ಲ. ತಂದೆತಾಯಿಯಿಂದಲೋ ಹುಟ್ಟಿದ ನೆಲದಿಂದಲೋ ಬಂದ ಪೌರತ್ವಕ್ಕೆ ಯಾರೂ ಹೊಣೆಯಲ್ಲ ಎಂಬ ತಿಳಿವಳಿಕೆ ಅದರಲ್ಲಿದೆ.

ಹಾಗಾದರೆ ತೊಡಕು ಎಲ್ಲಿ? ಮುಚ್ಚಿಡುವುದರಲ್ಲಿ. ವಿದೇಶಿ ಪಾಸ್‌ಪೋರ್ಟ್ ಇರುವುದನ್ನು ತಿಳಿಸದಿರುವುದು, ಅಮೆರಿಕದೊಳಗೆ ಬರುವಾಗ ಹೋಗುವಾಗ ಅಲ್ಲಿನ ಪಾಸ್‌ಪೋರ್ಟ್ ಬಳಸದಿರುವುದು ಸಂಶಯಕ್ಕೆ ದಾರಿ. ಎಸ್‌ಎಫ್-86 ಎಂಬ ಉದ್ದನೆಯ ಅರ್ಜಿಯಲ್ಲಿ ಪೌರತ್ವ, ಪ್ರವಾಸ, ವಿದೇಶದ ಬಂಧುಗಳು, ಆಸ್ತಿ ಎಲ್ಲಕ್ಕೂ ಪ್ರಶ್ನೆಗಳಿವೆ. ತೀರ್ಥಹಳ್ಳಿಯ ಅಡಿಕೆ ತೋಟದಲ್ಲಿ ಮಗನ ಹೆಸರಿಗೊಂದು ಪಾಲಿದ್ದರೆ ಅದನ್ನೂ ಬರೆಯಬೇಕು. ಬೇಕೆಂದೇ ಸುಳ್ಳು ಬರೆದರೆ ಕೆಲಸ ತಪ್ಪುವುದಷ್ಟೇ ಅಲ್ಲ, 5 ವರ್ಷದವರೆಗೆ ಜೈಲು ಶಿಕ್ಷೆಯೂ ಆಗಬಹುದು.

ಓಸಿಐ ಪೌರತ್ವವಲ್ಲ

ಭಾರತದ ಕಾನೂನು ದ್ವಿಪೌರತ್ವವನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಹಳೆಯ ಪಾಸ್‌ಪೋರ್ಟನ್ನು ಭಾರತದ ದೂತಾವಾಸಕ್ಕೆ ಒಪ್ಪಿಸಬೇಕು. ಊರಿನ ನೆನಪಿಗೆಂದು ಬೀರುವಿನಲ್ಲಿಟ್ಟುಕೊಂಡರೆ ಎರಡೂ ದೇಶಗಳಲ್ಲಿ ಉತ್ತರ ಹೇಳಬೇಕಾದೀತು.

2005ರ ತಿದ್ದುಪಡಿಯ ಬಳಿಕ ಬಂದ ಓಸಿಐಯನ್ನು ಅನೇಕರು ‘ಎರಡನೇ ಪೌರತ್ವ’ ಎಂದೇ ಭಾವಿಸಿದ್ದಾರೆ. ಹೆಸರಿನಲ್ಲಿ ಪೌರತ್ವವಿದ್ದರೂ ಅದು ಪಾಸ್‌ಪೋರ್ಟ್ ಅಲ್ಲ. ಓಸಿಐ ಇದ್ದವರು ಭಾರತಕ್ಕೆ ವೀಸಾ ಇಲ್ಲದೆ ಬಂದು ಹೋಗಬಹುದು. ಆದರೆ ಮತ ಹಾಕುವಂತಿಲ್ಲ. ಇಲ್ಲಿನ ಸರ್ಕಾರಿ ಕೆಲಸದ ಬಾಗಿಲೂ ಸಾಮಾನ್ಯವಾಗಿ ಮುಚ್ಚಿರುತ್ತದೆ. ಅಲ್ಲಿ ಹುಟ್ಟಿದ ಮಗ ಮುಂದೆ ಇಸ್ರೋಗೆ ಸೇರಲಿ ಎಂದು ಕನಸು ಕಾಣುವ ತಂದೆತಾಯಿ ಇದನ್ನು ಮೊದಲೇ ಅರಿಯುವುದು ಒಳ್ಳೆಯದು.

ಕ್ಲಿಯರೆನ್ಸ್ ಅರ್ಜಿ ತುಂಬುವ ಮಕ್ಕಳು ಓಸಿಐ ವಿಷಯವನ್ನು ತನಿಖಾಧಿಕಾರಿಗೆ ತಾವಾಗಿಯೇ ತಿಳಿಸುವುದು ಕ್ಷೇಮ. ಅಪ್ಪ ಯಾವಾಗ ಪೌರತ್ವ ಬದಲಿಸಿದರು, ಪಾಸ್‌ಪೋರ್ಟ್ ಎಂದು ಒಪ್ಪಿಸಿದರು, ಊರಿನ ಆಸ್ತಿಯಲ್ಲಿ ಯಾರ ಹೆಸರಿದೆ ಎಂಬ ದಾಖಲೆಗಳನ್ನು ಮನೆಯವರು ಒಂದೆಡೆ ಜೋಡಿಸಿಟ್ಟರೆ ಅರ್ಧ ಕೆಲಸ ಮುಗಿದಂತೆ. ಊರಿನಲ್ಲಿ ಅಜ್ಜಿ ಇದ್ದಾಳೆ ಎಂದು ಬರೆದವನಿಗಿಂತ, ಇಲ್ಲವೆಂದು ಬರೆದು ಸಿಕ್ಕಿಬಿದ್ದವನಿಗೇ ಅಪಾಯ ಹೆಚ್ಚು.