ಹರಿದ ಕಾಗದ, ಹರಿಯದ ಋಣ

ಮಂಗಳೂರಿನಿಂದ ಗುರುಪುರ, ಕೈಕಂಬ, ಎಡಪದವುಗಳನ್ನು ಹಾದು ಮೂಡುಬಿದಿರೆಯ ಕಡೆಗೆ ಏರಿಳಿಯುತ್ತ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ, ಅಡಕೆತೋಟಗಳ ತಂಪನ್ನು ಹೊದ್ದು ಕುಳಿತಿರುವ ತೋಡಾರಿಗೆ ನಾನು ಹೋದುದು ಯಾವ ಶೋಧನೆಯ ಉದ್ದೇಶದಿಂದಲೂ ಅಲ್ಲ. ಹಳೆಯ ಶಿಷ್ಯನೊಬ್ಬನು ತಾನು ಕಟ್ಟಿಸಿದ ಮನೆಯನ್ನು ನೋಡಿ ಹೋಗಬೇಕೆಂದು ವರುಷದಿಂದ ಒತ್ತಾಯಿಸುತ್ತಿದ್ದುದರಿಂದ ಒಂದು ಭಾನುವಾರ ಹೊರಟವನು, ಮಧ್ಯಾಹ್ನದ ಊಟ ಮುಗಿದು ಎಲೆಯಡಕೆಯ ತಟ್ಟೆ ಮುಂದೆ ಬಂದ ಹೊತ್ತಿಗೆ ಅವನು ಒಳಕೋಣೆಯ ಪೆಟ್ಟಿಗೆಯಿಂದ ತಂದಿಟ್ಟ ಎರಡು ಕಾಗದಗಳನ್ನು ಕಂಡು, ಇಂದಿಗೂ ಅವುಗಳ ಚಿಂತನೆಯಿಂದ ಬಿಡಿಸಿಕೊಳ್ಳಲಾರದವನಾಗಿದ್ದೇನೆ.

“ಸರ್, ನೀವೊಮ್ಮೆ ಓದಿ ನೋಡಿ. ನನ್ನ ಸಾಲ ಮನ್ನಾ ಆದದ್ದು ಹೌದಾ ಅಲ್ಲವಾ ಅಂತ ಗೊತ್ತಾಗುವುದಿಲ್ಲ. ಬ್ಯಾಂಕಿನವರು ಮಾತ್ರ ಫೋನು ಮಾಡುವುದು ನಿಲ್ಲಿಸಿಲ್ಲ” ಎಂದು ಅವನು ಮೊದಲನೆಯದನ್ನು ನನ್ನ ಕೈಗಿತ್ತನು.

ದಪ್ಪನೆಯ ಕಾಗದ, ನಾಲ್ಕೂ ಅಂಚಿಗೆ ಹಳೆಯ ಛಾಪಾಕಾಗದವನ್ನು ನೆನಪಿಸುವ ಹಸುರು ಬಳ್ಳಿಯ ಚಿತ್ರ, ನೆತ್ತಿಯಲ್ಲಿ ಸಿಂಹಮುದ್ರೆಯನ್ನು ಹೋಲುವ, ಆದರೆ ನಿಟ್ಟಿಸಿ ನೋಡಿದರೆ ಸಿಂಹಮುದ್ರೆಯಲ್ಲದ ಒಂದು ಲಾಂಛನ, ಕೆಳಗೆ ನೇರಳೆ ಶಾಯಿಯ ದುಂಡು ಮೊಹರು. ಅದರಲ್ಲಿ ಶಿಷ್ಯನ ಹೆಸರಿತ್ತು, ಕಾರ್ಡಿನ ಕೊನೆಯ ನಾಲ್ಕು ಅಂಕಿಗಳಿದ್ದವು, “ರಿಸರ್ವ್ ಬ್ಯಾಂಕಿನ ನಿಯಮಾನುಸಾರ” ಎಂಬ ಅರ್ಥದ ಹಿಂದಿ ವಾಕ್ಯವೊಂದಿತ್ತು. ಸಾಲ ಕೊಟ್ಟ ಬ್ಯಾಂಕಿನ ಅಧಿಕಾರಿಯ ಸಹಿ ಮಾತ್ರ ಎಲ್ಲಿಯೂ ಇರಲಿಲ್ಲ. ಅದನ್ನು ಅವನು ಪಹಣಿ, ತೆರಿಗೆ ರಸೀದಿ, ಮಕ್ಕಳ ಜನನಪತ್ರಗಳೊಂದಿಗೆ ಪ್ಲಾಸ್ಟಿಕ್ಕಿನ ಹಾಳೆಯೊಳಗಿಟ್ಟು ಜೋಪಾನ ಮಾಡಿದ್ದನು.

ನಡೆದುದಿಷ್ಟು. ಮನೆಯ ಟೈಲ್ಸಿಗೂ ವಯರಿಂಗಿಗೂ ಕೈಯಲ್ಲಿದ್ದ ಹಣ ಸಾಲದೆ ಕ್ರೆಡಿಟ್ ಕಾರ್ಡನ್ನು ಉಜ್ಜಿದ್ದನು. ಬಾಕಿ 90,000 ರೂಪಾಯಿಗೆ ಬಂದು ನಿಂತಿತ್ತು. ಸರಕು ಸಾಗಿಸುವ ಅವನ ಟೆಂಪೋ ಎರಡು ತಿಂಗಳು ಗ್ಯಾರೇಜಿನಲ್ಲಿ ಕೂತ ಸಮಯಕ್ಕೆ ಸರಿಯಾಗಿ ಫೋನೊಂದು ಬಂದಿತು. ಆ ಕಡೆಯ ಧ್ವನಿ ವಿನಯದಿಂದ ಕೂಡಿದುದು, ಶುದ್ಧ ಕನ್ನಡದ್ದು. ಕಾರ್ಡಿನ ಸಾಲವನ್ನು ಕಾನೂನಿನ ಮೂಲಕ ಪೂರ್ಣವಾಗಿ ರೈಟಾಫ್ ಮಾಡಿಸಿಕೊಡುತ್ತೇವೆ, ನೋಂದಣಿಗೆ 1,500, ವಕೀಲರ ಶುಲ್ಕ 9,000, ಇಷ್ಟನ್ನು ಮೊದಲು ಕಟ್ಟಬೇಕು, ಇನ್ನು ಮುಂದೆ ಬ್ಯಾಂಕಿಗೆ ಒಂದು ಪೈಸೆಯನ್ನೂ ಕಟ್ಟಬಾರದು, ಅವರ ಫೋನನ್ನೂ ಎತ್ತಬಾರದು ಎಂದಿತು. ಇವನು ಕಟ್ಟಿದನು. ಆರು ತಿಂಗಳು ಬ್ಯಾಂಕಿನ ಫೋನನ್ನು ಎತ್ತಲಿಲ್ಲ. ನಡುವೆ ಈ ಪತ್ರ ಕೊರಿಯರಿನಲ್ಲಿ ಬಂದಿತು; ಬಳಿಕ ಆ ವಿನಯದ ಧ್ವನಿಯ ಸಂಖ್ಯೆ ಸ್ವಿಚ್ ಆಫ್ ಆಯಿತು.

“10,500 ಎಲ್ಲಿಂದ ತಂದೆ?” ಎಂದೆನು. ಅವನು ಉತ್ತರಿಸಲಿಲ್ಲ. ಬಾಗಿಲ ಬಳಿ ಮಡಿಲಲ್ಲಿ ಮೊರವನ್ನಿಟ್ಟುಕೊಂಡು ಬೀಡಿಯ ಎಲೆ ಕತ್ತರಿಸುತ್ತಿದ್ದ ಅವನ ಹೆಂಡತಿ, ಕತ್ತರಿಯನ್ನು ನಿಲ್ಲಿಸದೆಯೇ, “ನಾನು ಬೀಡಿ ಕಟ್ಟಿ ಕೂಡಿಸಿಟ್ಟದ್ದು ಸರ್” ಎಂದಳು.

ನಾನು ಅಲ್ಲಿಯೇ ಕುಳಿತು ಲೆಕ್ಕ ಹಾಕಿದೆನು. ತಿಂಗಳಿಗೆ ಶೇಕಡಾ 3.5ರ ಬಡ್ಡಿ ನಮ್ಮ ದೇಶದ ಕಾರ್ಡುಗಳಲ್ಲಿ ಅಪರೂಪವಲ್ಲ. 90,000ಕ್ಕೆ ತಿಂಗಳ ಬಡ್ಡಿ 3,150, ಆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ 567, ಒಟ್ಟು 3,717. ಬ್ಯಾಂಕು ಕೇಳುವ ಕನಿಷ್ಠ ಮೊತ್ತ ಬಾಕಿಯ ಶೇಕಡಾ 5 ಎಂದಿಟ್ಟುಕೊಂಡರೆ 4,500. ಅಂದರೆ ಪ್ರತಿ ತಿಂಗಳೂ ತಪ್ಪದೆ ಅಷ್ಟನ್ನು ಕಟ್ಟಿದವನಿಗೂ ಅಸಲಿನಲ್ಲಿ ಕರಗುವುದು 783 ರೂಪಾಯಿ ಮಾತ್ರ. ಒಂದು ಪೈಸೆಯನ್ನೂ ಕಟ್ಟದೆ ಆರು ತಿಂಗಳು ಕುಳಿತವನ ಬಾಕಿಯಾದರೋ, ತಡಪಾವತಿಯ ದಂಡವನ್ನು ಬಿಟ್ಟು ಎಣಿಸಿದರೂ, 1,14,000ವನ್ನು ದಾಟುತ್ತದೆ. ಮೋಸ ಹೋದ ಹಣ 10,500 ಎಂದು ಅವನು ತಿಳಿದಿದ್ದನು. ಅದು 35,000ಕ್ಕೆ ಸಮೀಪದ್ದೆಂದು ನಾನು ಕಾಗದದ ಮೇಲೆ ಬರೆದು ತೋರಿಸಬೇಕಾಯಿತು. ಶುಲ್ಕವನ್ನು ಕಸಿದುದು ಒಂದು ಅನ್ಯಾಯ. ಫೋನೆತ್ತಬೇಡವೆಂದು ಹೇಳಿ ಸಾಲಿಗನಿಗೂ ಬ್ಯಾಂಕಿಗೂ ನಡುವಣ ಮಾತಿನ ದಾರಿಯನ್ನೇ ಕಡಿದುದು ಅದಕ್ಕಿಂತ ಘೋರವಾದುದು.

ಎರಡನೆಯ ಕಾಗದ ಅವನ ಅಜ್ಜನದು. ಅದನ್ನು ನನಗೆ ತೋರಿಸಬೇಕೆಂದು ಅವನು ತಂದುದಲ್ಲ. ಮೊದಲನೆಯದರ ಹಿಂದೆ ಅಂಟಿಕೊಂಡು ಬಂದುದು. ಐವತ್ತರ ದಶಕದಲ್ಲಿ, ಈ ಜಿಲ್ಲೆ ಇನ್ನೂ ಮದರಾಸು ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ, 150 ರೂಪಾಯಿಗೆ ಬರೆದುಕೊಟ್ಟ ಪ್ರೋನೋಟು ಅದು. ಮಡಿಕೆಗಳಲ್ಲಿ ಕಂದಿ, ಅಂಚುಗಳಲ್ಲಿ ಗೆದ್ದಲು ರುಚಿ ನೋಡಿ ಬಿಟ್ಟ ಆ ಹಾಳೆಯ ಬೆನ್ನಿಗೆ “ವಸೂಲು” ಎಂಬ ತಲೆಬರಹದ ಕೆಳಗೆ 20, 15, 40 ಎಂದು ಒಂದೊಂದೇ ಕಂತು, ಒಂದೊಂದರ ಪಕ್ಕದಲ್ಲಿಯೂ ಧನಿಗಳ ಗೀಚುಸಹಿ. ಕೊನೆಯ ಸಾಲಿನಲ್ಲಿ “ಪೂರಾ ಸಂದಾಯವಾಗಿದೆ.” ಮುಂಬದಿಯಲ್ಲಿ ಅಜ್ಜನ ಹೆಬ್ಬೆಟ್ಟು ಒತ್ತಿದ ರೆವಿನ್ಯೂ ಸ್ಟಾಂಪನ್ನು ನಟ್ಟನಡುವೆ ಸೀಳಿಕೊಂಡು ಒಂದು ಹರಕು ಕೆಳಗಿಳಿದಿತ್ತು.

ಈ ಹರಕನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಭಾಷೆಯಲ್ಲಿ ಹೊಳೆ ಹರಿಯುತ್ತದೆ, ಬಟ್ಟೆ ಹರಿಯುತ್ತದೆ, ಬೆಳಗು ಹರಿಯುತ್ತದೆ, ವ್ಯಾಜ್ಯ ಬಗೆಹರಿಯುತ್ತದೆ, ಋಣವೂ ಹರಿಯುತ್ತದೆ. ಕಟ್ಟಿ ನಿಂತುದು ಬಿಡುಗಡೆ ಹೊಂದುವ ಎಲ್ಲ ಬಗೆಗಳಿಗೂ ಒಂದೇ ಧಾತುವನ್ನಿಟ್ಟ ಹಿರಿಯರು, ಸಾಲದ ವಿಷಯದಲ್ಲಿ ಆ ಮಾತನ್ನು ಕೈಯಾರೆ ಮಾಡಿಯೂ ತೋರಿಸುತ್ತಿದ್ದರು: ಕೊಟ್ಟವನು ಕೊಂಡವನ ಎದುರಿಗೆ ಸ್ಟಾಂಪಿನ ಮೇಲೆಯೇ ಕಾಗದವನ್ನು ಹರಿದು, ಹರಿದುದನ್ನು ಅವನ ಕೈಯಲ್ಲಿಡುತ್ತಿದ್ದನು. ನನ್ನ ಬಾಲ್ಯದಲ್ಲಿ ತಂದೆಯವರು ಅಂಥ ಕಾಗದವೊಂದನ್ನು ಮನೆಗೆ ತಂದು ದೇವರ ಮುಂದಿಟ್ಟು ಕೈಮುಗಿದುದನ್ನು ಕಂಡಿದ್ದೇನೆ. ಆಗ ಅದು ಬರಿಯ ಆಚಾರವೆಂದು ತಿಳಿದಿದ್ದೆನು. 1881ರ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯಿದೆಯ 81ನೆಯ ಕಲಮನ್ನು ಓದಿದ ಮೇಲೆ, ಹಣ ತೆತ್ತವನಿಗೆ ತನ್ನ ಪ್ರೋನೋಟನ್ನು ಮರಳಿ ಪಡೆಯುವ ಹಕ್ಕು ಶಾಸನಸಿದ್ಧವಾದುದೆಂದು ತಿಳಿಯಿತು. ಹಳೆಯ ಪದ್ಧತಿಯಲ್ಲಿ ಬಡವರನ್ನು ಹಿಂಡಿದ ಧನಿಗಳು ಎಷ್ಟೋ ಮಂದಿ ಇದ್ದರು. ಅದನ್ನು ನಾನು ಕೊಂಡಾಡುತ್ತಿಲ್ಲ. ಆದರೆ ಸಾಲವನ್ನು ಮುಗಿಸಬಲ್ಲ ಕೈ ಯಾವುದೆಂಬ ವಿಷಯದಲ್ಲಿ ಅಜ್ಜನಿಗೆ ಸಂದೇಹವಿರಲಿಲ್ಲ. ಓದು ಬಾರದ ಅವನು ಕೊಟ್ಟವನ ಕೈಯಿಂದಲೇ ಹರಕನ್ನು ಪಡೆದನು. ಪದವೀಧರನಾದ ಮೊಮ್ಮಗನು ಸಾಲಕ್ಕೆ ಸಂಬಂಧವೇ ಇಲ್ಲದ ಮೂರನೆಯವನಿಂದ ಹೊಸ ಕಾಗದವನ್ನು ಕೊಂಡನು.

ಕಾನೂನು ಹೇಳುವುದೂ ಇದನ್ನೇ. 1872ರ ಭಾರತೀಯ ಕರಾರು ಕಾಯಿದೆಯ 63ನೆಯ ಕಲಮಿನಂತೆ, ವಚನವನ್ನು ಪಡೆದವನು ಅದರ ಪಾಲನೆಯನ್ನು ಪೂರ್ಣವಾಗಿಯೋ ಅಂಶತಃವೋ ಬಿಟ್ಟುಕೊಡಬಹುದು. ವಚನವನ್ನು ಪಡೆದವನು ಬ್ಯಾಂಕು, ಬಿಡತಕ್ಕದ್ದೂ ಬ್ಯಾಂಕೇ. ನಡುವೆ ಬಂದು “ದೃಢಪತ್ರ” ಕೊಡುವವನಿಗೆ ಬಿಟ್ಟುಕೊಡಲು ಏನೂ ಇಲ್ಲ.

ರೈಟಾಫ್ ಎಂಬ ಪದವೇ ಅನೇಕರನ್ನು ಅಡ್ಡದಾರಿಗೆಳೆದಿದೆ. ಬ್ಯಾಂಕುಗಳು ಸಾವಿರಾರು ಕೋಟಿಯನ್ನು ರೈಟಾಫ್ ಮಾಡಿದವೆಂಬ ಸುದ್ದಿಯನ್ನು ಓದಿದ ಗೃಹಸ್ಥನು, ದೊಡ್ಡವರಿಗೆ ಸಿಕ್ಕಿದ ಕ್ಷಮೆ ತನಗೂ ಸಿಕ್ಕಬಾರದೇಕೆಂದು ನೊಂದುಕೊಳ್ಳುವುದು ಸಹಜ. ಆದರೆ 2023ರ ಜೂನ್ 8ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯು ತಾಂತ್ರಿಕ ರೈಟಾಫನ್ನು ಲೆಕ್ಕಪುಸ್ತಕದ ಸೌಕರ್ಯಕ್ಕಾಗಿ ಮಾತ್ರ ಮಾಡುವ ಕ್ರಮವೆಂದೂ ಅದರಿಂದ ಸಾಲಿಗನ ಮೇಲಣ ಹಕ್ಕು ಬಿಟ್ಟಂತಾಗುವುದಿಲ್ಲವೆಂದೂ ಸ್ಪಷ್ಟವಾಗಿ ಹೇಳಿದೆ. ಬ್ಯಾಂಕಿನ ಪುಸ್ತಕದಲ್ಲಿ ಗೀಟು ಬಿದ್ದಿತೇ ಹೊರತು ಸಾಲಿಗನ ಕಾಗದ ಹರಿಯಲಿಲ್ಲ.

ಮನ್ನಾ ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಇರುವ ಬಲವೂ ಸಣ್ಣದಲ್ಲ. ದೇವರಾಜ ಅರಸರ ಕಾಲದ 1976ರ ಋಣಪರಿಹಾರ ಕಾಯಿದೆಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 2008ರಲ್ಲಿ ಕೇಂದ್ರ ಸರ್ಕಾರವೂ 2017, 2018ರಲ್ಲಿ ರಾಜ್ಯ ಸರ್ಕಾರಗಳೂ ಕೃಷಿಸಾಲವನ್ನು ಮನ್ನಾ ಮಾಡಿದವು. ಕುಮಾರಸ್ವಾಮಿಯವರ ಸರ್ಕಾರವು ರೈತರಿಗೆ “ಋಣಮುಕ್ತ ಪತ್ರ”ಗಳನ್ನೇ ಹಂಚಿತು. 2019ರ ಜುಲೈಯಲ್ಲಿ ಜಾರಿಗೆ ಬಂದ ಋಣಪರಿಹಾರ ಕಾಯಿದೆಯು ಖಾಸಗಿ ಲೇವಾದೇವಿಗಾರರಿಂದ ಬಡವರು ಪಡೆದ ಸಾಲಕ್ಕೆ ಅನ್ವಯಿಸಿತು. ಇವುಗಳಲ್ಲಿ ಯಾವುದೂ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಮುಟ್ಟಲಿಲ್ಲ. ಆದರೆ ಸರ್ಕಾರದ ಪತ್ರವೊಂದರಿಂದ ಸಾಲ ತೀರಿದ ನೆನಪು ಮನೆಮನೆಯಲ್ಲಿ ಉಳಿಯಿತು. ಹಸುರು ಬಳ್ಳಿಯ ಆ ಕಾಗದವನ್ನು ಅಚ್ಚು ಹಾಕಿಸಿದವನು ಈ ನೆನಪನ್ನು ಬಲ್ಲವನಾಗಿದ್ದನು. ಇಂಥ ಪ್ರಚಾರ ದೇಶದಲ್ಲೆಲ್ಲ ಹಬ್ಬಿದುದರಿಂದಲೇ 2023ರ ಡಿಸೆಂಬರ್ 11ರಂದು ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಿ, ಯಾವ ಅಧಿಕಾರವೂ ಇಲ್ಲದೆ ಸೇವಾಶುಲ್ಕ, ಕಾನೂನುಶುಲ್ಕಗಳನ್ನು ಪಡೆದು ಸಾಲಮನ್ನಾ ಪತ್ರಗಳನ್ನು ಕೊಡುವವರಿದ್ದಾರೆ, ಅವರ ಬಲೆಗೆ ಬೀಳಬೇಡಿರಿ, ಪೊಲೀಸರಿಗೆ ತಿಳಿಸಿರಿ ಎಂದು ಎಚ್ಚರಿಸಿತು. ಪ್ರಕಟಣೆ ತೋಡಾರಿನ ಆ ಜಗಲಿಗೆ ಮುಟ್ಟಲಿಲ್ಲ, ಫೋನು ಮುಟ್ಟಿತು.

ಪರದೇಶಗಳ ಅನುಭವವೂ ಭಿನ್ನವಲ್ಲ. ಬ್ರಿಟನ್ನಿನಲ್ಲಿ 1974ರ ಗ್ರಾಹಕಸಾಲ ಕಾಯಿದೆಯಂತೆ, ಸಾಲಿಗನು ಕೇಳಿದಾಗ ಕರಾರಿನ ಪ್ರತಿಯನ್ನು ಒದಗಿಸದ ಬ್ಯಾಂಕಿಗೆ ವಸೂಲಿಯ ಕ್ರಮ ತಡೆಯಾಗುತ್ತಿತ್ತು. ಇದನ್ನೇ ಹಿಡಿದು, ಮುಂಗಡ ಕೊಟ್ಟರೆ ಕಾರ್ಡಿನ ಸಾಲವನ್ನೇ ಅಳಿಸಿಬಿಡುತ್ತೇವೆಂದು ಹೇಳುವ ಕಂಪನಿಗಳು ಅಣಬೆಗಳಂತೆ ಎದ್ದವು. 2009ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನ ನ್ಯಾಯಾಧೀಶರು ಮೂಲಪ್ರತಿಯೇ ಬೇಕಾಗಿಲ್ಲ, ಪುನಃ ರಚಿಸಿದ ಪ್ರತಿಯೂ ಸಾಕೆಂದು ತೀರ್ಪಿತ್ತ ಮೇಲೆ ಆ ಆಸೆಯ ಬೇರು ಸಡಿಲವಾಯಿತು. ಅಮೆರಿಕವು ಮತ್ತೂ ಮುಂದೆ ಹೋಗಿ, ದೂರವಾಣಿಯ ಮೂಲಕ ಋಣಪರಿಹಾರದ ಸೇವೆಯನ್ನು ಮಾರುವವರು ಸಾಲವನ್ನು ನಿಜವಾಗಿ ಇಳಿಸಿ ತೋರಿಸುವ ಮುನ್ನ ಶುಲ್ಕ ಪಡೆಯುವುದನ್ನೇ 2010ರ ಅಕ್ಟೋಬರ್ 27ರಿಂದ ನಿಷೇಧಿಸಿತು. ಅಷ್ಟೇ ನೇರವಾದ ನಿಯಮವೊಂದು ನಮ್ಮಲ್ಲಿಯೂ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕರಾವಳಿಯಲ್ಲಿ ಹೀಗಾಗುವುದು ನನಗೆ ವಿಶೇಷವಾಗಿ ನೋವನ್ನುಂಟುಮಾಡುತ್ತದೆ. ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನೂ ಅದೇ ವರ್ಷ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕಾದ ಸಂಸ್ಥೆಯನ್ನೂ ಸ್ಥಾಪಿಸಿದರು; 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾದಾಗ ದಿನಕ್ಕೆ ಎರಡಾಣೆಯನ್ನು ಪಡೆಯಲು ಏಜೆಂಟನು ಜಗಲಿಯ ತನಕ ನಡೆದು ಬರುತ್ತಿದ್ದನು. ಅವನ ಮುಖದ ಗುರುತಿತ್ತು, ಅವನ ಮನೆ ಯಾವುದೆಂದು ಊರಿಗೆ ತಿಳಿದಿತ್ತು. ಮನೆಬಾಗಿಲಿಗೆ ಬಂದ ಹಣದ ಮಾತನ್ನು ನಂಬುವ ಅಭ್ಯಾಸ ನಮ್ಮವರಿಗೆ ಆ ಪ್ರಾಮಾಣಿಕರಿಂದ ಬಂದುದು. ಅದೇ ನಂಬಿಕೆಯನ್ನು ಮುಖವಿಲ್ಲದ ಧ್ವನಿಯೊಂದು ಸೂರೆಗೊಳ್ಳುತ್ತಿದೆ.

ಹಾಗಾದರೆ ಸಾಲದ ಭಾರ ತಾಳಲಾರದವನಿಗೆ ಗತಿಯೇ ಇಲ್ಲವೆ? ಉಂಟು. ಆ ಸಂಜೆಯೇ ನಾವಿಬ್ಬರೂ ಕೂತು ಅವನ ಬ್ಯಾಂಕಿಗೆ ಒಂದು ಪುಟದ ಪತ್ರ ಬರೆದೆವು: ಟೆಂಪೋ ನಿಂತ ದಿನಾಂಕ, ಇಂದಿನ ಆದಾಯ, ತಿಂಗಳಿಗೆ ಕಟ್ಟಬಲ್ಲ ಮೊತ್ತ, ಬಾಕಿಯನ್ನು ಕಂತುಗಳಾಗಿ ಪರಿವರ್ತಿಸಿರೆಂಬ ಕೋರಿಕೆ. ಬ್ಯಾಂಕು ರಾಜಿಗೆ ಒಪ್ಪಿ ಸ್ವಲ್ಪವನ್ನು ಬಿಡುವುದೂ ಉಂಟು. ಹಾಗೆ ಬಿಟ್ಟುದನ್ನು ಬ್ಯಾಂಕಿನ ಶಿರೋಲೇಖದ ಕಾಗದದಲ್ಲಿ ಬರೆಸಿಕೊಂಡ ಮೇಲೆಯೇ ಹಣ ಕಟ್ಟಬೇಕು, ಕಟ್ಟಿದ ಮೇಲೆ ನೋ ಡ್ಯೂಸ್ ಪತ್ರವನ್ನು ಪಡೆಯಬೇಕು. ಸಿಬಿಲ್ ವರದಿಯಲ್ಲಿ ಆ ಖಾತೆಯ ಎದುರು “ಸೆಟಲ್ಡ್” ಎಂಬ ಗುರುತು ಉಳಿದು ಮುಂದಿನ ಸಾಲಕ್ಕೆ ಅಡ್ಡಬರಬಹುದೆಂಬುದನ್ನೂ ಅವನಿಗೆ ಮರೆಮಾಚದೆ ಹೇಳಿದೆನು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಕೊಟ್ಟ ಉತ್ತರ ಸಮಾಧಾನಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ವಿಚಾರಿಸಲು 14448 ಎಂಬ ಸಂಖ್ಯೆಯಿದೆ. ಲೋಕ ಅದಾಲತ್ತಿನಲ್ಲಿ, ದಾವೆ ಹೂಡುವ ಮುನ್ನವೇ, ಬ್ಯಾಂಕನ್ನು ಎದುರಿಗೆ ಕುಳ್ಳಿರಿಸಿಕೊಂಡು ರಾಜಿಯಾಗಬಹುದು. ಒಂಬುಡ್ಸ್‌ಮನ್ನರ ದೂರಿಗೆ ಶುಲ್ಕವಿಲ್ಲ. ಲೋಕ ಅದಾಲತ್ತಿಗೆ ಶುಲ್ಕವಿಲ್ಲ. ಬ್ಯಾಂಕಿಗೆ ಬರೆಯುವ ಪತ್ರಕ್ಕೆ ಅಂಚೆಯ ಖರ್ಚು ಮಾತ್ರ.

ಹೊರಡುವಾಗ ಅವನು ಹಸುರಂಚಿನ ಕಾಗದವನ್ನು ಹರಿದುಹಾಕಲು ಕೈಯೆತ್ತಿದನು, ನಾನು ತಡೆದೆನು. ಅದು ಪೊಲೀಸರಿಗೆ ಬೇಕಾದ ಸಾಕ್ಷ್ಯ. ಹಣ ಹೋದ ಖಾತೆಯ ವಿವರ, ಫೋನಿನ ಸಂಖ್ಯೆ, ಕೊರಿಯರಿನ ಲಕೋಟೆ, ಎಲ್ಲವನ್ನೂ ಅದರೊಂದಿಗೆ ಕಟ್ಟಿಟ್ಟು ಮರುದಿನ ಅವನು ಮೂಡುಬಿದಿರೆಯ ಠಾಣೆಗೆ ಹೋದನು. ಆರು ತಿಂಗಳು ಕಳೆದುದರಿಂದ ಹಣ ಮರಳುವ ಆಸೆ ಅತ್ಯಲ್ಪ.

ಓದುಗರಲ್ಲಿ ನನ್ನ ಪ್ರಾರ್ಥನೆಯಿಷ್ಟೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಅಂಥ ಪತ್ರವಿದ್ದರೆ ನಾಚಿಕೆಯಿಂದ ಅಡಗಿಸಿಡಬೇಡಿ. ಹಣ ಕೊಟ್ಟು ಕೆಲವು ಗಂಟೆಗಳಷ್ಟೇ ಆಗಿದ್ದರೆ ಈ ಲೇಖನವನ್ನು ಇಲ್ಲಿಯೇ ಬಿಟ್ಟು 1930ಕ್ಕೆ ಫೋನು ಮಾಡಿ. ಬೇಗ ತಿಳಿಸಿದರೆ ಆ ಹಣವನ್ನು ಖಾತೆಯಲ್ಲಿಯೇ ತಡೆದು ನಿಲ್ಲಿಸುವ ಅವಕಾಶವುಂಟು.