ಬ್ರಿಟಾನಿಯಾದ ಸಂತೆ: ಒಂದು ಆಟದೊಳಗಿನ ವ್ಯಾಪಾರ

ಅರ್ಥಶಾಸ್ತ್ರದಲ್ಲಿ ನಾವು ಶ್ರಮ ವಿಭಜನೆ, ಬೇಡಿಕೆ, ಪೂರೈಕೆ, ಹಣದುಬ್ಬರ ಎಂದು ಓದುತ್ತೇವೆ. ಲೆಕ್ಕಶಾಸ್ತ್ರದಲ್ಲಿ ಸವಕಳಿ ಬರುತ್ತದೆ. ಎಲ್ಲದರ ವ್ಯಾಖ್ಯೆಯನ್ನೂ ಬಾಯಿಪಾಠ ಮಾಡಿ ಐದು ಅಂಕಕ್ಕೆ ಬರೆಯುತ್ತೇವೆ. ಇವೆಲ್ಲ ಒಂದೇ ಜಾಗದಲ್ಲಿ, ಕಣ್ಣಿಗೆ ಕಾಣುವಂತೆ ನಡೆಯುವುದನ್ನು ನಾನು ಕಂಡದ್ದು ಒಂದು ಹಳೆಯ ಕಂಪ್ಯೂಟರ್ ಆಟದಲ್ಲಿ. ಅದರ ಹೆಸರು ‘ಅಲ್ಟಿಮಾ ಆನ್‌ಲೈನ್’. ನಾನು ಅದನ್ನು ಆಡಿದ್ದು ಸ್ವಲ್ಪ, ಅದರ ಬಗ್ಗೆ ಓದಿದ್ದು ಹೆಚ್ಚು. ಕಾಮರ್ಸ್ ಓದುವವರಿಗೆ ಅದರಲ್ಲಿ ಕಲಿಯುವುದಿದೆ ಎನ್ನಿಸಿ ಈ ಲೇಖನ ಬರೆಯುತ್ತಿದ್ದೇನೆ.

ಈ ಆಟ ಶುರುವಾದದ್ದು 1997ರ ಸೆಪ್ಟೆಂಬರ್‌ನಲ್ಲಿ. ಈಗ ಪಿಯುಸಿ ಓದುತ್ತಿರುವ ನಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ರಿಚರ್ಡ್ ಗ್ಯಾರಿಯಟ್ ಎಂಬವರು ಕಟ್ಟಿದ ಅಮೆರಿಕದ ಆರಿಜಿನ್ ಸಿಸ್ಟಮ್ಸ್ ಕಂಪನಿ ಇದನ್ನು ತಯಾರಿಸಿತು. ಆಟ ನಡೆಯುವುದು ಬ್ರಿಟಾನಿಯಾ ಎಂಬ ಕಲ್ಪನೆಯ ರಾಜ್ಯದಲ್ಲಿ. ಅಲ್ಲಿ ಡ್ರ್ಯಾಗನ್‌ಗಳಿವೆ, ಮಂತ್ರವಾದಿಗಳಿದ್ದಾರೆ, ಕತ್ತಿ ಗುರಾಣಿಗಳಿವೆ. ಎಲ್ಲ ಆಟಗಾರರೂ ಒಂದೇ ಸರ್ವರ್‌ನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಅದೇ ರಾಜ್ಯದ ಹಲವು ಪ್ರತಿಗಳನ್ನು ಇಟ್ಟರು. ಒಂದೊಂದು ಸರ್ವರ್‌ಗೂ ‘ಶಾರ್ಡ್’, ಅಂದರೆ ಚೂರು ಎಂದು ಹೆಸರು. ದುಷ್ಟ ಮಾಂತ್ರಿಕನೊಬ್ಬನ ಮಣಿ ಒಡೆದಾಗ ಪ್ರತಿ ಚೂರಿನಲ್ಲೂ ಒಂದೊಂದು ಬ್ರಿಟಾನಿಯಾ ಉಳಿಯಿತು ಎಂದು ಅದಕ್ಕೊಂದು ಕಥೆಯನ್ನೂ ಹೊಂದಿಸಿದರು.

ಇದು ಗೆದ್ದು ಮುಗಿಸುವ ಆಟವಲ್ಲ. ನಾಟಕದಲ್ಲಿ ಪಾತ್ರ ಹಾಕಿದ ಹಾಗೆ ಇಲ್ಲಿ ಒಂದು ಪಾತ್ರವಾಗಿ ಬದುಕಬೇಕು. ಎಲ್ಲರೂ ಡ್ರ್ಯಾಗನ್ ಹೊಡೆಯಲು ಓಡುತ್ತಾರೆ ಎಂದು ನೀವು ಅಂದುಕೊಳ್ಳಬಹುದು. ಆದರೆ ದಿನವಿಡೀ ಕಬ್ಬಿಣ ಬಡಿಯುವವರು, ಬಟ್ಟೆ ಹೊಲಿಯುವವರು, ರೊಟ್ಟಿ ಸುಡುವವರು ಅಲ್ಲಿ ಬಹಳ ಜನ ಇದ್ದರು. ಯಾರ ನಿಜವಾದ ಹೆಸರೂ ಇನ್ನೊಬ್ಬರಿಗೆ ಗೊತ್ತಿಲ್ಲ. ಮೋಸವಾದರೆ ಹೋಗಿ ನಿಲ್ಲಲು ಕೋರ್ಟ್ ಇಲ್ಲ. ಹಾಗಿದ್ದೂ ವ್ಯಾಪಾರ ಹೇಗೆ ನಡೆಯಿತು? ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಅದೇ.

ಏಳು ಕಸುಬಿನ ಲೆಕ್ಕ

ಮೊದಲ ಉತ್ತರ ಒಂದು ಚಿಕ್ಕ ನಿಯಮದಲ್ಲಿದೆ. ಆಟದ ಆರಂಭದ ವರ್ಷಗಳಲ್ಲಿ ಒಂದು ವಿದ್ಯೆಯಲ್ಲಿ ಹೆಚ್ಚೆಂದರೆ 100 ಅಂಕದವರೆಗೆ ಏರಬಹುದಿತ್ತು, ಎಲ್ಲ ವಿದ್ಯೆಗಳೂ ಸೇರಿ 700 ಮೀರುವಂತಿರಲಿಲ್ಲ. ಅಂದರೆ ಒಬ್ಬರು ಏಳು ವಿದ್ಯೆಗಳಲ್ಲಿ ಪೂರ್ಣ ಪಳಗಬಹುದು, ಎಂಟನೆಯದಕ್ಕೆ ಜಾಗವಿಲ್ಲ. ಆಟದಲ್ಲಿದ್ದ ವಿದ್ಯೆಗಳೋ ಏಳಕ್ಕಿಂತ ಎಷ್ಟೋ ಹೆಚ್ಚು: ಗಣಿ ಅಗೆಯುವುದು, ಕಮ್ಮಾರಿಕೆ, ಬಡಗಿತನ, ಹೊಲಿಗೆ, ಬಿಲ್ಲು ಬಾಣ ಮಾಡುವುದು, ಅಡುಗೆ, ಔಷಧಿ ಕಾಯಿಸುವುದು, ಮೀನು ಹಿಡಿಯುವುದು, ಪ್ರಾಣಿ ಪಳಗಿಸುವುದು, ಕತ್ತಿ ವರಸೆ, ಮಂತ್ರವಿದ್ಯೆ, ಹೀಗೆ.

ಆದ್ದರಿಂದ ಕತ್ತಿ ಹಿಡಿದವರು ಕಮ್ಮಾರರ ಬಳಿ ಹೋಗಲೇಬೇಕು, ಕಮ್ಮಾರರು ಅಂಗಿಗಾಗಿ ದರ್ಜಿಯ ಬಳಿ ಹೋಗಲೇಬೇಕು. ಶ್ರಮ ವಿಭಜನೆಯಿಂದ ಉತ್ಪಾದನೆ ಹೆಚ್ಚುತ್ತದೆ ಎಂದು ನಾವು ಬರೆಯುತ್ತೇವೆ. ಅದರಿಂದ ಇನ್ನೂ ಒಂದು ಕೆಲಸವಾಗುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಪರಿಚಯವೇ ಇಲ್ಲದ ಇಬ್ಬರು ಒಬ್ಬರ ಬಾಗಿಲಿಗೆ ಒಬ್ಬರು ಬರುವಂತಾಗುತ್ತದೆ.

ಒಂದು ಕತ್ತಿಯ ಹಿಂದೆ

ಕತ್ತಿ ಮಾಡಲು ಮೊದಲು ಗುದ್ದಲಿ ಹಿಡಿದು ಬೆಟ್ಟಕ್ಕೆ ಹೋಗಬೇಕು. ಮಿನಾಕ್ ಎಂಬ ಉತ್ತರದ ಊರು ಗಣಿಗಳಿಗೆ ಹೆಸರಾಗಿತ್ತು. ಒಂದೇ ಜಾಗದಲ್ಲಿ ಅಗೆಯುತ್ತಿದ್ದರೆ ಅದಿರು ಮುಗಿಯುತ್ತದೆ, ಮತ್ತೆ ತುಂಬಲು ಸಮಯ ಬೇಕು. ಅದಿರು ಬಹಳ ಭಾರ, ಹೆಚ್ಚು ಹೊರಬೇಕಾದರೆ ಹೇರುಗುದುರೆ ಬೇಕು. ದಾರಿಯಲ್ಲಿ ದರೋಡೆಕೋರರೂ ಇರುತ್ತಿದ್ದರು, ಅವರೂ ಆಟಗಾರರೇ. ಊರಿನೊಳಗೆ ಹೊಡೆದಾಡಿದರೆ ಕಾವಲುಗಾರರು ಬಂದು ಒಂದೇ ಏಟಿಗೆ ಮುಗಿಸುತ್ತಿದ್ದರು, ಊರ ಹೊರಗೆ ಕೇಳುವವರಿಲ್ಲ. ಕೊಲೆಗಾರರ ಹೆಸರು ಕೆಂಪು ಬಣ್ಣದಲ್ಲಿ ಕಾಣುತ್ತಿತ್ತು. ಗಣಿಯ ಬಾಯಲ್ಲಿ ಕೆಂಪು ಹೆಸರು ಕಂಡರೆ ಅದಿರು ಬಿಟ್ಟು ಓಡುವುದೇ ಜಾಣತನ.

ಅದಿರನ್ನು ಕುಲುಮೆಯಲ್ಲಿ ಕರಗಿಸಿದರೆ ಲೋಹದ ಗಟ್ಟಿ. ಅದನ್ನು ಅಡಿಗಲ್ಲಿನ ಮೇಲೆ ಬಡಿದರೆ ಕತ್ತಿ. ಕೈ ಪಳಗದವರು ಬಡಿದರೆ ಕೆಲಸ ಕೆಟ್ಟು ಲೋಹವೂ ಹಾಳಾಗುತ್ತಿತ್ತು. ಬಟ್ಟೆಗೂ ಹೀಗೇ ಸಾಲುಸಾಲು ಕೆಲಸ. ಕುರಿಯ ಉಣ್ಣೆ ಕತ್ತರಿಸಬೇಕು, ರಾಟೆಯಲ್ಲಿ ನೂಲಬೇಕು, ಮಗ್ಗದಲ್ಲಿ ನೇಯಬೇಕು, ಆಮೇಲೆ ಹೊಲಿಗೆ. ಕಚ್ಚಾ ವಸ್ತು, ಕೂಲಿ, ಸಾಗಣೆ, ಅಪಾಯ ಎಲ್ಲವೂ ಸೇರಿದ ಮೇಲೆ ಬೆಲೆ. ಕಾಸ್ಟ್ ಶೀಟ್ ಬರೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಲ್ಲಿ ಒಂದು ಸೊಗಸಾದ ಏರ್ಪಾಡಿತ್ತು. ಕಸುಬಿನಲ್ಲಿ 100 ಮುಟ್ಟಿದವರನ್ನು ಗ್ರ್ಯಾಂಡ್‌ಮಾಸ್ಟರ್ ಎನ್ನುತ್ತಿದ್ದರು. ಅವರು ಮಾಡಿದ ಉತ್ತಮ ದರ್ಜೆಯ ವಸ್ತುವಿನ ಮೇಲೆ ಮಾಡಿದವರ ಹೆಸರು ಮೂಡುತ್ತಿತ್ತು. ಆ ಕತ್ತಿ ಹತ್ತು ಕೈ ಬದಲಾಯಿಸಿದರೂ ಹೆಸರು ಉಳಿಯುತ್ತಿತ್ತು. ನಾವು ಟ್ರೇಡ್‌ಮಾರ್ಕ್ ಎಂದು ಓದುವುದು ಇದನ್ನೇ. ಹೆಸರು ಬರೆದ ವಸ್ತು ತನ್ನಷ್ಟಕ್ಕೇ ಜಾಹೀರಾತು, ಅದರ ಜೊತೆಗೆ ಒಂದು ಜವಾಬ್ದಾರಿ ಕೂಡ.

ಬ್ಯಾಂಕಿನ ಮುಂದಿನ ಬಜಾರು

ರಾಜಧಾನಿಯಾದ ಬ್ರಿಟನ್ ನಗರದ ಬ್ಯಾಂಕಿನ ಮುಂದೆ ಸದಾ ಜಾತ್ರೆ. ಅಲ್ಲಿ ಮಾರುಕಟ್ಟೆ ಕಟ್ಟಬೇಕೆಂದು ಯಾರೂ ಯೋಜನೆ ಹಾಕಿರಲಿಲ್ಲ. ಚಿನ್ನ ಇಡಲು, ತೆಗೆಯಲು ಎಲ್ಲರೂ ಅಲ್ಲಿಗೆ ಬರಲೇಬೇಕಾಗಿದ್ದರಿಂದ ಮಾರುವವರೂ ಅಲ್ಲೇ ನಿಂತು ಕೂಗತೊಡಗಿದರು. ನಮ್ಮಲ್ಲಿ ಬಸ್ ಸ್ಟ್ಯಾಂಡಿನ ಸುತ್ತ ತಾನಾಗಿಯೇ ಹಣ್ಣಿನ ಗಾಡಿಗಳು ಸೇರುವ ಹಾಗೆ.

ಮನೆ ಕಟ್ಟಿಕೊಂಡವರು ಬಾಗಿಲಲ್ಲಿ ಒಬ್ಬ ಮಾರಾಟಗಾರನನ್ನು ನೇಮಿಸಬಹುದಿತ್ತು. ಅವನು ಕಂಪ್ಯೂಟರ್ ನಡೆಸುವ ಪಾತ್ರ. ಯಜಮಾನರು ಮಲಗಿದ್ದಾಗಲೂ ಅವನು ಮಾರುತ್ತಾನೆ, ಪ್ರತಿದಿನ ತನ್ನ ಸಂಬಳ ಹಿಡಿದುಕೊಳ್ಳುತ್ತಾನೆ. ಸರಕು ಮಾರಾಟವಾಗದೆ ಕೂತರೆ ಯಜಮಾನರಿಗೆ ನಷ್ಟ. ಸ್ಥಿರ ವೆಚ್ಚ ಎಂದರೆ ಏನೆಂದು ಇದರಿಂದ ಚೆನ್ನಾಗಿ ತಿಳಿಯುತ್ತದೆ.

ಕೈಯಿಂದ ಕೈಗೆ ವ್ಯಾಪಾರ ಮಾಡಲು ಒಂದು ಕಿಟಕಿ ತೆರೆಯುತ್ತಿತ್ತು. ಇಬ್ಬರೂ ತಮ್ಮ ವಸ್ತುಗಳನ್ನು ಅದರಲ್ಲಿಟ್ಟು ಒಪ್ಪಿಗೆಯ ಗುರುತು ಹಾಕಿದ ಮೇಲೆ ಮಾತ್ರ ಅದಲುಬದಲು. ನಡುವೆ ಯಾರಾದರೂ ವಸ್ತು ಬದಲಿಸಿದರೆ ಗುರುತು ತಾನಾಗಿ ಅಳಿಸಿಹೋಗುತ್ತಿತ್ತು. ಆದರೂ ಮೋಸ ನಿಲ್ಲಲಿಲ್ಲ. ದೊಡ್ಡ ಮನೆಯ ಪತ್ರವೂ ಚಿಕ್ಕ ಮನೆಯ ಪತ್ರವೂ ನೋಡಲು ಒಂದೇ ಥರ ಇರುತ್ತಿದ್ದವು, ಮೇಲಿನ ಬರಹ ಓದದವರು ಕೋಟೆಯ ಬೆಲೆಗೆ ಗುಡಿಸಲು ಕೊಂಡು ಹೋಗುತ್ತಿದ್ದರು. ಕಾವಲುಗಾರರು ಹೊಡೆದಾಟಕ್ಕೆ ಬರುತ್ತಿದ್ದರೇ ಹೊರತು ಇಂಥ ಮೋಸಕ್ಕಲ್ಲ. ನಿಯಮ ಎಷ್ಟೇ ಬಿಗಿಯಾಗಿದ್ದರೂ ಕೊನೆಗೆ ಎದುರಿಗಿರುವವರು ಯಾರು ಎಂಬುದೇ ಮುಖ್ಯವಾಗುತ್ತಿತ್ತು.

ಸರಾಯ್ ಮತ್ತು ಸಾರಾಯಿ

ಎದುರಿಗಿರುವವರು ಯಾರು ಎಂದು ತಿಳಿಯುತ್ತಿದ್ದದ್ದು ಟ್ಯಾವರ್ನ್‌ನಲ್ಲಿ. ಆ ಪದ ಕೇಳಿ ಕೆಲವರು ಹುಬ್ಬೇರಿಸಬಹುದು. ನಮ್ಮ ಮನೆಯ ಉರ್ದುವಿನಲ್ಲಿ ‘ಸರಾಯ್’ ಎಂದರೆ ದಾರಿಹೋಕರು ತಂಗುವ ಜಾಗ, ಮೊಘಲ್‌ಸರಾಯ್ ಎಂಬ ಹಳೆಯ ರೈಲ್ವೆ ಹೆಸರಿನಲ್ಲಿರುವುದೂ ಅದೇ. ಕನ್ನಡದಲ್ಲಿ ‘ಸಾರಾಯಿ’ ಎಂದರೆ ಏನೆಂದು ನಿಮಗೇ ಗೊತ್ತು. ಬ್ರಿಟಾನಿಯಾದ ಟ್ಯಾವರ್ನ್‌ನಲ್ಲಿ ಎರಡೂ ಇದ್ದವು. ಅಲ್ಲಿ ಪಾತ್ರ ಕುಡಿದರೆ ತಲೆಯ ಮೇಲೆ ಬಿಕ್ಕಳಿಕೆಯ ಅಕ್ಷರ ಮೂಡುತ್ತಿತ್ತು. ಅದು ಬರೀ ಚಿತ್ರದ ಕುಡಿತ. ನಾನು ಹೇಳಹೊರಟಿರುವುದು ಮೊದಲನೆಯ ಅರ್ಥದ ಬಗ್ಗೆ.

ಆರಂಭದಲ್ಲಿ ಈ ಆಟದಲ್ಲಿ ಮಾತು ಎಂದರೆ ತಲೆಯ ಮೇಲೆ ಮೂಡುವ ಅಕ್ಷರ. ಒಂದೇ ತೆರೆಯಲ್ಲಿ ಕಾಣುವಷ್ಟು ಹತ್ತಿರ ಇದ್ದವರಿಗೆ ಮಾತ್ರ ಅದು ಕೇಳಿಸುತ್ತಿತ್ತು. ಇಡೀ ಜಗತ್ತಿಗೆ ಒಂದೇ ಸಲ ಕೂಗಿ ಹೇಳುವ ಹಾಗಿರಲಿಲ್ಲ. ಆದ್ದರಿಂದ ಸುದ್ದಿ ಬೇಕಾದರೆ ಜನ ಕೂಡುವ ಜಾಗಕ್ಕೆ ಹೋಗಬೇಕಿತ್ತು. ಬ್ರಿಟನ್ ನಗರದಲ್ಲಿ ‘ಬ್ಲೂ ಬೋರ್’ ಎಂಬ ಹೋಟೆಲಿತ್ತು. ಅದು ಸಾಲದೆಂದು ಆಟಗಾರರು ತಮ್ಮ ಮನೆಗಳನ್ನೇ ಬೆಂಚು, ಮೇಜು ಹಾಕಿ ಟ್ಯಾವರ್ನ್ ಮಾಡಿಕೊಂಡರು. ಅಂಥ ಜಾಗ ನಡೆಸಿದರೆ ಹೆಚ್ಚು ಚಿನ್ನ ಹುಟ್ಟುವುದಿಲ್ಲ. ಬಂದವರನ್ನು ಪಾತ್ರದ ಭಾಷೆಯಲ್ಲೇ ಮಾತಾಡಿಸಬೇಕು, ಊಟ ಬಡಿಸಬೇಕು, ಜಗಳ ಬಿಡಿಸಬೇಕು. ಆದರೂ ನಡೆಸಿದರು.

ಅಲ್ಲಿ ಕೂತರೆ ಯಾವ ಗಣಿಯಲ್ಲಿ ದರೋಡೆಕೋರರಿದ್ದಾರೆ, ಯಾವ ಕಮ್ಮಾರರು ಹೇಳಿದ ದಿನಕ್ಕೆ ಕೆಲಸ ಮುಗಿಸುತ್ತಾರೆ, ಯಾರಿಗೆ ಸಾಲ ಕೊಡಬಾರದು ಎಲ್ಲ ತಿಳಿಯುತ್ತಿತ್ತು. ಮನೆಯಲ್ಲಿ ದೊಡ್ಡವರು ‘ಅಮಾನತ್’ ಎನ್ನುತ್ತಾರಲ್ಲ, ನಂಬಿ ಒಪ್ಪಿಸಿದ್ದನ್ನು ಹಾಗೆಯೇ ಹಿಂದಿರುಗಿಸುವುದು, ಅದನ್ನು ಅಳೆಯುವ ತಕ್ಕಡಿ ಬ್ಯಾಂಕಿನ ಮುಂದೆ ಇರಲಿಲ್ಲ, ಈ ಬೆಂಚುಗಳ ಮೇಲಿತ್ತು.

ನಲ್ಲಿ ಮತ್ತು ಮೋರಿ

ಇನ್ನು ಹಣದ ಮಾತು. ಆಟ ತಯಾರಿಸಿದವರು ಮೊದಲು ಬ್ರಿಟಾನಿಯಾದ ಒಟ್ಟು ಸಂಪತ್ತನ್ನು ಮಿತಿಯಲ್ಲಿಡಲು ಹೊರಟರು. ಬಳಸಿದ ವಸ್ತು ಸವೆದರೆ ಅಷ್ಟೇ ಕಚ್ಚಾ ವಸ್ತು ಮತ್ತೆ ಹುಟ್ಟಬೇಕು, ಚಕ್ರ ತಿರುಗುತ್ತಿರಬೇಕು ಎಂಬುದು ಯೋಜನೆ. ಆದರೆ ಜನ ಸಿಕ್ಕಿದ್ದನ್ನೆಲ್ಲ ಪೆಟ್ಟಿಗೆಯಲ್ಲಿ ಕೂಡಿಟ್ಟರು. ಕೂಡಿಟ್ಟದ್ದು ಚಕ್ರಕ್ಕೆ ಮರಳಲಿಲ್ಲ, ಹೊಸಬರಿಗೆ ಏನೂ ಸಿಗದಾಯಿತು. ಕೊನೆಗೆ ಆ ಯೋಜನೆ ಕೈಬಿಟ್ಟು ನಲ್ಲಿ–ಮೋರಿಯ ಪದ್ಧತಿಗೆ ಬಂದರು. ರಾಕ್ಷಸರನ್ನು ಕೊಂದಾಗ ಸಿಗುವ ಚಿನ್ನ ನಲ್ಲಿಯ ನೀರು. ಮನೆಯ ಬೆಲೆ, ಮಾರಾಟಗಾರನ ಸಂಬಳ ಇವು ನೀರು ಹೊರಹೋಗುವ ಮೋರಿ. ನಲ್ಲಿ ಜೋರಾಗಿ ಮೋರಿ ಕಟ್ಟಿಕೊಂಡರೆ ಹಣದುಬ್ಬರ. ಕೆಲವರು ಪ್ರೋಗ್ರಾಂನ ದೋಷ ಬಳಸಿ ಚಿನ್ನವನ್ನು ನಕಲು ಮಾಡಿದಾಗ ಬೆಲೆಗಳು ಏರಿದವು. ಖೋಟಾ ನೋಟಿನಿಂದ ದೇಶಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಸವಕಳಿಯ ಪಾಠ ಬಂದದ್ದು 2003ರಲ್ಲಿ. ಆ ವರ್ಷ ‘ಏಜ್ ಆಫ್ ಶ್ಯಾಡೋಸ್’ ಎಂಬ ವಿಸ್ತರಣೆಯೊಂದಿಗೆ ವಿಮೆ ಶುರುವಾಯಿತು. ಒಂದು ವಸ್ತುವಿಗೆ 600 ಚಿನ್ನದ ನಾಣ್ಯ ಕಟ್ಟಿದರೆ ಸತ್ತರೂ ಅದು ಕೈಬಿಟ್ಟು ಹೋಗುವುದಿಲ್ಲ. ಅದೇ ಹೊತ್ತಿಗೆ ರಾಕ್ಷಸರ ಬಳಿ ಸಿಗುವ ಮಾಯಾ ಆಯುಧಗಳು ಕಮ್ಮಾರರ ಕತ್ತಿಗಿಂತ ಮೇಲಾದವು. ಆಟಗಾರರಿಗೆ ಖುಷಿ. ಆದರೆ ಕತ್ತಿ ಕಳೆಯದಿದ್ದರೆ ಹೊಸ ಕತ್ತಿ ಯಾರಿಗೆ ಬೇಕು? ತಮ್ಮ ಗಿರಾಕಿಗಳು ಕಡಿಮೆಯಾದರೆಂದು ಕಮ್ಮಾರರು ದೂರಿದರು. ಒಬ್ಬರ ಖರ್ಚು ಇನ್ನೊಬ್ಬರ ಆದಾಯ ಎಂದು ಪುಸ್ತಕದಲ್ಲಿ ಓದುವಾಗ ನನಗೆ ಈ ಕಮ್ಮಾರರು ನೆನಪಾಗುತ್ತಾರೆ.

ಆಟದ ಚಿನ್ನ, ಮನೆಯ ರೂಪಾಯಿ

ಇದೆಲ್ಲ ಸುಳ್ಳು ಚಿನ್ನ ತಾನೇ ಎಂದು ಕೇಳಬಹುದು. 2001ರಲ್ಲಿ ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ‘ಎವರ್‌ಕ್ವೆಸ್ಟ್’ ಎಂಬ ಇಂಥದೇ ಇನ್ನೊಂದು ಆಟದ ಲೆಕ್ಕ ಹಾಕಿದರು. ಅದರ ವಸ್ತುಗಳನ್ನು ಜನ ಹೊರಗೆ ಡಾಲರಿಗೆ ಮಾರುತ್ತಿದ್ದ ದರ ಹಿಡಿದು ನೋಡಿದಾಗ, ಆ ಕಲ್ಪನೆಯ ನಾಡಿನ ತಲಾ ಉತ್ಪನ್ನ ರಷ್ಯಾ ಮತ್ತು ಬಲ್ಗೇರಿಯಾ ದೇಶಗಳ ನಡುವೆ ಬಂತು. ಜನ ಸಮಯ ಹಾಕಿ ಮಾಡಿದ್ದಕ್ಕೆ ಬೇರೆ ಜನ ಬೆಲೆ ಕೊಟ್ಟರೆ ಅದಕ್ಕೆ ಮೌಲ್ಯ ಬರುತ್ತದೆ.

ಎಚ್ಚರ ಬೇಕಾದದ್ದೂ ಇಲ್ಲೇ. ನಮ್ಮ ದೇಶದಲ್ಲಿ 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡು ಕಟ್ಟಿ ಗೆದ್ದರೆ ದುಡ್ಡು ಸಿಗುತ್ತದೆ ಎನ್ನುವ ಆಟಗಳನ್ನು ನಿಷೇಧಿಸಿದೆ. ಇ–ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳನ್ನು ಅದು ಬೇರೆಯಾಗಿ ನೋಡುತ್ತದೆ. ಮನೆಯಲ್ಲಿ ಅಬ್ಬಾ ‘ಎಲ್ಲ ಆಟವೂ ಜೂಜೇ’ ಎಂದಾಗ ಈ ವ್ಯತ್ಯಾಸವನ್ನು ನಾವು ವಿವರಿಸಬಹುದು. ಆದರೆ ಅದಕ್ಕೆ ಮೊದಲು ನಾವೇ ಅದನ್ನು ಪಾಲಿಸಬೇಕು. ಏನು ಸಿಗುತ್ತದೆಂದು ತಿಳಿಯದೆ ದುಡ್ಡು ಕೊಟ್ಟು ಒಡೆಯುವ ಪೆಟ್ಟಿಗೆ ಕಮ್ಮಾರಿಕೆಯಲ್ಲ. ಪರಿಚಯವಿಲ್ಲದವರು ಆಟದ ಚಿನ್ನ ಕೊಡುತ್ತೇನೆಂದು ಯುಪಿಐ ಕೋಡ್ ಕಳಿಸಿದರೆ ಅಲ್ಲಿ ಒಪ್ಪಿಗೆಯ ಗುರುತು ಹಾಕುವ ಕಿಟಕಿ ಇಲ್ಲ. ಹೋದ ದುಡ್ಡು ಹೋಯಿತು. ಸಮಯವೂ ದುಡ್ಡೇ. ಗಣಿ ಅಗೆಯುತ್ತ ಕಳೆದ ರಾತ್ರಿಯನ್ನು ಪರೀಕ್ಷೆಯ ದಿನ ವಾಪಸು ಕೊಡುವವರಿಲ್ಲ.

ನಮ್ಮ ಸ್ಟಾಲ್‌ಗಳಿಗೆ ಎರಡು ಸಲಹೆ

ಕಾಮರ್ಸ್ ವಿಭಾಗದಿಂದ ಸ್ಟಾಲ್ ಹಾಕುವಾಗ ಬಹಳಷ್ಟು ತಂಡಗಳು ಒಂದೇ ಬಗೆಯ ಚಾಟ್, ಜ್ಯೂಸ್ ತರುತ್ತವೆ, ಕೊನೆಗೆ ಎಲ್ಲರೂ ಬೆಲೆ ಇಳಿಸಿ ನಷ್ಟ ಮಾಡಿಕೊಳ್ಳುತ್ತಾರೆ. ಬ್ರಿಟಾನಿಯಾ ನೋಡಿದ ಮೇಲೆ ನನಗೆ ಎರಡು ಸಲಹೆ ಹೊಳೆದಿವೆ. ಒಂದು, ತಂಡಗಳು ಮೊದಲೇ ಕೂತು ಯಾರು ಏನು ಮಾಡುವುದೆಂದು ಹಂಚಿಕೊಳ್ಳಲಿ. ಒಂದು ತಂಡದ ಸಮೋಸ ಇನ್ನೊಂದು ತಂಡದ ಚಹಾಕ್ಕೆ ಗಿರಾಕಿ ತರುತ್ತದೆ. ಎರಡು, ಪ್ರತಿ ವಸ್ತುವಿನ ಚೀಟಿಯಲ್ಲಿ ಬೆಲೆಯ ಪಕ್ಕ ಮಾಡಿದವರ ಹೆಸರನ್ನೂ ಬರೆಯಲಿ. ಹೆಸರು ಬರೆದ ಮೇಲೆ ನಿನ್ನೆಯ ಎಣ್ಣೆಯಲ್ಲಿ ಕರಿಯಲು ಯಾರಿಗೂ ಕೈ ಬರುವುದಿಲ್ಲ. ಹಾಗೆಯೇ ನಡುವೆ ಮಾರಾಟಕ್ಕಿಲ್ಲದ ನಾಲ್ಕು ಬೆಂಚು ಹಾಕಿಸಿ ಎಂದು ಉಪನ್ಯಾಸಕರಲ್ಲಿ ನನ್ನ ಕೋರಿಕೆ. ತಿಂದವರು ಅಲ್ಲಿ ಕೂತು ಯಾವ ಸ್ಟಾಲ್ ಚೆನ್ನಾಗಿದೆ ಎಂದು ಮಾತಾಡಿಕೊಳ್ಳಲಿ.